ಪರದೆಯ ಮೇಲೆ ಮಕ್ಕಳ ನೋಟ್‌ಬುಕ್

ಸ್ಕ್ರೀನ್ ಶೇರಿಂಗ್ ಎಂಬ ಮಾತು ನಮ್ಮ ಹಳ್ಳಿಮನೆಗಳಿಗೆ ಬಂದದ್ದು 2020ರ ಕೊರೊನಾ ಕಾಲದಲ್ಲಿ. ಶಾಲೆಗೆ ಬೀಗ ಬಿದ್ದಿತ್ತು. ಮೇಷ್ಟ್ರು ತಮ್ಮ ಫೋನಿನ ಪರದೆಯನ್ನು ಮಕ್ಕಳ ಕಡೆಯ ಫೋನಿಗೆ ಕಳಿಸುತ್ತಿದ್ದರು, ಮಕ್ಕಳು ಸಿಗ್ನಲ್ ಹುಡುಕಿಕೊಂಡು ಹೋಗಿ ನೋಡುತ್ತಿದ್ದರು. ಆಗ ಆ ಮಾತಿಗೆ ಕೂಡಿಕೊಂಡ ಅರ್ಥ ಇವತ್ತಿಗೂ ಹಾಗೇ ಉಳಿದಿದೆ. ಎಷ್ಟೋ ಶಾಲೆಗಳಿಗೆ ದೊಡ್ಡ ಟಿವಿ ಬಂದಿದೆ, ಪ್ರೊಜೆಕ್ಟರ್ ಬಂದಿದೆ, ಬಾಗಿಲ ಮೇಲೆ ‘ಸ್ಮಾರ್ಟ್ ಕ್ಲಾಸ್’ ಎಂಬ ಫಲಕವೂ ಏರಿದೆ. ಪರದೆಗೆ ಏನು ಬರಬೇಕೆಂದು ನಿರ್ಧರಿಸುವವರು ಮಾತ್ರ ಈಗಲೂ ಮೇಷ್ಟ್ರೇ. ಮಕ್ಕಳು ಕೂತು ನೋಡುತ್ತಾರೆ. ಈ ಲೇಖನದ ವಾದ ಇಷ್ಟು: ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂಥ ತಾಲ್ಲೂಕುಗಳ ಸರ್ಕಾರಿ ಶಾಲೆಗಳಲ್ಲಿ ಈ ತಂತ್ರಜ್ಞಾನದಿಂದ ಕಲಿಕೆಗೆ ಲಾಭ ಆಗಬೇಕಾದರೆ ಹರಿವಿನ ದಿಕ್ಕು ತಿರುಗಬೇಕು. ಮಗು ನೋಟ್‌ಬುಕ್ಕಿನಲ್ಲಿ ಮಾಡಿದ ಲೆಕ್ಕ, ಬರೆದ ವಾಕ್ಯ, ಎಳೆದ ನಕ್ಷೆ ಪರದೆಗೆ ಏರಬೇಕು, ಇಡೀ ತರಗತಿ ಅದನ್ನು ನೋಡಿ ಚರ್ಚಿಸಬೇಕು. ಇದಕ್ಕೆ ಮಗುವಿಗೊಂದು ಟ್ಯಾಬ್ ಬೇಡ, ಇಂಟರ್ನೆಟ್ಟೂ ಬೇಡ.

ಕರ್ನಾಟಕ ಈ ವಿಷಯದಲ್ಲಿ ಹಿಂದೆ ಬಿದ್ದ ರಾಜ್ಯವೇನಲ್ಲ. 2001ರ ಸುಮಾರಿಗೆ ಮಾಹಿತಿ ಸಿಂಧು ಯೋಜನೆಯಲ್ಲಿ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಬಂತು. 2004ರ ಸೆಪ್ಟೆಂಬರಿನಲ್ಲಿ ಇಸ್ರೊ ಎಜುಸ್ಯಾಟ್ ಉಪಗ್ರಹ ಹಾರಿಸಿದ ಮೇಲೆ ಚಾಮರಾಜನಗರ ಜಿಲ್ಲೆಯ ನೂರಾರು ಪ್ರಾಥಮಿಕ ಶಾಲೆಗಳ ಮಾಳಿಗೆಗೆ ಡಿಷ್ ಏರಿ, ಪಾಠ ಆಕಾಶದಿಂದಲೇ ಇಳಿಯತೊಡಗಿತು. 2017ರಲ್ಲಿ ದೀಕ್ಷಾ ಪೋರ್ಟಲ್ ಬಂತು, ಪಠ್ಯಪುಸ್ತಕದ ಅಧ್ಯಾಯಗಳಿಗೆ ಕ್ಯೂಆರ್ ಕೋಡ್ ಸೇರಿತು. 2020ರಲ್ಲಿ ಚಂದನ ವಾಹಿನಿಯ ‘ಸಂವೇದ’ ಪಾಠಗಳು ಫೋನಿಲ್ಲದ ಮನೆಗಳನ್ನೂ ಮುಟ್ಟಿದವು. ಆ ಸಂಕಟದ ದಿನಗಳಲ್ಲಿ ಅದು ಸಣ್ಣ ಕೆಲಸವಲ್ಲ. ಆದರೆ ಇವೆಲ್ಲವನ್ನೂ ಸಾಲಾಗಿ ಇಟ್ಟು ನೋಡಿದರೆ ಒಂದೇ ದಿಕ್ಕು ಕಾಣುತ್ತದೆ. ಬೆಂಗಳೂರಿನಲ್ಲಿ ತಯಾರಾದ ಪಾಠ ಹಳ್ಳಿಗೆ ಇಳಿಯುತ್ತದೆ. ಹಳ್ಳಿಯ ಮಗು ಏನು ಯೋಚಿಸಿತು ಎಂಬುದು ಮೇಲಕ್ಕೆ ಬರಲು ಇವುಗಳಲ್ಲಿ ದಾರಿಯೇ ಇರಲಿಲ್ಲ. ಇದಕ್ಕೆ ಸ್ವಲ್ಪ ಹೊರತಾಗಿ ನಿಂತದ್ದು ವಿಷಯ ಶಿಕ್ಷಕರ ವೇದಿಕೆ, ಅದರ ಜೊತೆಗೇ ಬೆಳೆದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣ, ಆಮೇಲೆ 2016-17ರಿಂದ ಶಿಕ್ಷಕರಿಗೆ ನಡೆದ ಟಾಲ್ಪ್ ಎಂಬ ತಂತ್ರಜ್ಞಾನ ತರಬೇತಿ. ಶಿಕ್ಷಕರೇ ಸಂಪನ್ಮೂಲ ಸೃಷ್ಟಿಸಬಲ್ಲರು ಎಂಬ ನಂಬಿಕೆ ಅಲ್ಲಿ ಇತ್ತು. ಆ ನಂಬಿಕೆಯನ್ನು ಮಕ್ಕಳವರೆಗೂ ವಿಸ್ತರಿಸುವುದು ಬಾಕಿ ಇದೆ.

ಹಾಗೆ ನೋಡಿದರೆ ಮಕ್ಕಳ ಕೆಲಸವನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಇಡುವ ಪದ್ಧತಿ ನಮ್ಮಲ್ಲೇ ಹುಟ್ಟಿ ಬೆಳೆದಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ರಿಷಿವ್ಯಾಲಿಯ ಪ್ರೇರಣೆ ಮತ್ತು ಯುನಿಸೆಫ್ ನೆರವಿನಿಂದ ಮೊಳೆತ ನಲಿ ಕಲಿ ಎಂಬ ಕಲಿಕಾ ಪದ್ಧತಿ 2009-10ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆ ಬಂತು. ಅಲ್ಲಿ ಮಕ್ಕಳು ತಮ್ಮ ತಮ್ಮ ವೇಗದಲ್ಲಿ ಕಲಿಕಾ ಏಣಿ ಹತ್ತುತ್ತಾರೆ, ಗುಂಪುಗಳಲ್ಲಿ ನೆಲದ ಮೇಲೆ ಕೂರುತ್ತಾರೆ. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆಟಕುವ ಎತ್ತರಕ್ಕೆ ಕಪ್ಪು ಹಲಗೆ ಬಳಿದಿರುತ್ತದೆ. ತಲೆಯ ಮೇಲೆ ದಾರಗಳನ್ನು ಕಟ್ಟಿದ ಚಪ್ಪರ. ಅದಕ್ಕೆ ಮಕ್ಕಳು ಬರೆದ, ಬಿಡಿಸಿದ ಹಾಳೆಗಳನ್ನು ತೂಗುಹಾಕುತ್ತಾರೆ. ತನ್ನ ಕೆಲಸ ಇತರರು ನೋಡುವಂಥದ್ದು ಎಂಬ ಅರಿವು ಆರು ವರ್ಷದ ಮಗುವಿಗೆ ಆ ಚಪ್ಪರದ ಕೆಳಗೇ ಬರುತ್ತದೆ. ದುಃಖದ ಸಂಗತಿಯೆಂದರೆ ನಾಲ್ಕನೆಯ ತರಗತಿಗೆ ಕಾಲಿಟ್ಟ ಕೂಡಲೇ ಇದೆಲ್ಲ ಮುಗಿದುಹೋಗುತ್ತದೆ. ಬೆಂಚಿನ ಸಾಲು ಬರುತ್ತದೆ, ಹಲಗೆ ಮೇಷ್ಟ್ರ ಎತ್ತರಕ್ಕೆ ಏರುತ್ತದೆ, ನೋಟ್‌ಬುಕ್ ಎಂಬುದು ಮಗು ಮತ್ತು ಮೇಷ್ಟ್ರ ಕೆಂಪು ಪೆನ್ನಿನ ನಡುವಿನ ಗುಟ್ಟಾಗುತ್ತದೆ. ಮೇಲಿನ ತರಗತಿಗಳಲ್ಲಿ ಆ ಚಪ್ಪರವನ್ನು ಮತ್ತೆ ಕಟ್ಟಲು ನಮಗೆ ಇವತ್ತು ಸಿಕ್ಕಿರುವ ಸಾಧನ ಪರದೆ.

ಅದು ತರಗತಿಯಲ್ಲಿ ಹೇಗೆ ಕೆಲಸ ಮಾಡೀತು ಎಂಬುದಕ್ಕೆ ಚನ್ನಗಿರಿ ಸೀಮೆಗೆ ಒಪ್ಪುವ ಒಂದು ಲೆಕ್ಕ ತೆಗೆದುಕೊಳ್ಳೋಣ. 90 ಅಡಿ ಉದ್ದ, 63 ಅಡಿ ಅಗಲದ ಜಾಗ. ಗಿಡದಿಂದ ಗಿಡಕ್ಕೆ, ಸಾಲಿನಿಂದ ಸಾಲಿಗೆ 9 ಅಡಿ ಬಿಟ್ಟು ಅಡಿಕೆ ಸಸಿ ಹಾಕಿದರೆ ಎಷ್ಟು ಸಸಿ ಹಿಡಿಯುತ್ತವೆ? ಏಳನೆಯ ತರಗತಿಯ ಒಂದು ಮಗು ವಿಸ್ತೀರ್ಣ ಕಂಡುಹಿಡಿಯುತ್ತದೆ: 5,670 ಚದರ ಅಡಿ. ಒಂದು ಗಿಡಕ್ಕೆ 81 ಚದರ ಅಡಿ, ಭಾಗಿಸಿದರೆ 70. ಇನ್ನೊಂದು ಮಗು ಚಿತ್ರ ಬರೆದು ಚುಕ್ಕಿ ಇಟ್ಟು ಎಣಿಸುತ್ತದೆ: ಉದ್ದಕ್ಕೆ 11, ಅಗಲಕ್ಕೆ 8, ಒಟ್ಟು 88. ಮಾಮೂಲಿ ತರಗತಿಯಲ್ಲಿ ಏನಾಗುತ್ತದೆ? ಗೈಡಿನ ಉತ್ತರ 70 ಇದ್ದರೆ 88ಕ್ಕೆ ಕೆಂಪು ಗೀಟು ಬೀಳುತ್ತದೆ, ಪಾಠ ಮುಂದೆ ಹೋಗುತ್ತದೆ. ಈ ಎರಡು ಪುಟಗಳನ್ನು ಫೋನಿನಲ್ಲಿ ಹಿಡಿದು ಪರದೆಯ ಮೇಲೆ ಅಕ್ಕಪಕ್ಕ ಇಟ್ಟರೆ ಬೇರೆಯೇ ನಡೆಯುತ್ತದೆ. ಎರಡೂ ಮಕ್ಕಳ ಲೆಕ್ಕ ತಪ್ಪಿಲ್ಲ. ಹಾಗಾದರೆ 18 ಸಸಿ ಎಲ್ಲಿಂದ ಬಂದವು? ಚಿತ್ರವನ್ನು ದಿಟ್ಟಿಸಿದರೆ ಗೊತ್ತಾಗುತ್ತದೆ, ಎರಡನೆಯ ಮಗು ಬದುವಿನ ಗೆರೆಯ ಮೇಲೇ ಸಸಿ ನಟ್ಟಿದೆ. ತೋಟದ ಮನೆಯ ಮಕ್ಕಳು ಆಗ ಸುಮ್ಮನೆ ಕೂರುವುದಿಲ್ಲ. ಬದುವಿನ ಮೇಲೆ ನಟ್ಟರೆ ಪಕ್ಕದ ತೋಟದವರು ಸುಮ್ಮನಿರುತ್ತಾರೆಯೇ, ಅಂಚಿನಿಂದ ಎಷ್ಟು ಅಡಿ ಒಳಗೆ ಹಾಕಬೇಕು, ನಾಲ್ಕೂವರೆ ಅಡಿ ಒಳಗೆ ಸರಿದರೆ ಎಣಿಕೆ ಎಷ್ಟಾಗುತ್ತದೆ ಎಂದು ಮಾತು ಬೆಳೆಯುತ್ತದೆ, ಎಣಿಸಿ ನೋಡಿದರೆ ಸರಿಯಾಗಿ 70ಕ್ಕೆ ಬಂದು ನಿಲ್ಲುತ್ತದೆ. ವಿಸ್ತೀರ್ಣದ ಭಾಗಾಕಾರದ ಹಿಂದೆ ಅಡಗಿದ್ದ ಊಹೆ ಬಯಲಿಗೆ ಬರುವುದು ಆ ಗಳಿಗೆಯಲ್ಲಿ. ಎಷ್ಟೇ ಚೆನ್ನಾಗಿ ಮಾಡಿದ ಅನಿಮೇಷನ್ ವಿಡಿಯೊ ಆದರೂ ಈ ಚರ್ಚೆಯನ್ನು ಹುಟ್ಟಿಸಲಾರದು, ಏಕೆಂದರೆ ಆ ವಿಡಿಯೊದಲ್ಲಿ 88 ಬಂದಿರುವುದೇ ಇಲ್ಲ.

ಇದು ಬರೀ ಆಸೆಯ ಮಾತೇ, ಅಥವಾ ಆಧಾರ ಉಂಟೇ? ಅಮೆರಿಕದ ಬೆಥನಿ ರಿಟಲ್-ಜಾನ್ಸನ್ ಮತ್ತು ಜಾನ್ ಸ್ಟಾರ್ 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ನೇರವಾಗಿ ಅನ್ವಯಿಸುತ್ತದೆ. ಏಳನೆಯ ತರಗತಿಯ 70 ಮಕ್ಕಳಲ್ಲಿ ಕೆಲವರು ಒಂದೇ ಸಮೀಕರಣವನ್ನು ಬಿಡಿಸುವ ಎರಡು ದಾರಿಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಿದರು, ಉಳಿದವರು ಅವೇ ದಾರಿಗಳನ್ನು ಒಂದಾದ ಮೇಲೊಂದರಂತೆ ನೋಡಿದರು. ಅಕ್ಕಪಕ್ಕ ಇಟ್ಟು ನೋಡಿದವರಿಗೆ ಲೆಕ್ಕ ಬಿಡಿಸುವ ಕೌಶಲವೂ ಸಂದರ್ಭಕ್ಕೆ ತಕ್ಕ ದಾರಿ ಆರಿಸಿಕೊಳ್ಳುವ ಚುರುಕೂ ಹೆಚ್ಚಾಗಿ ಬಂದವು. ಪರಿಕಲ್ಪನೆಯ ತಿಳಿವಿನಲ್ಲಿ ಎರಡು ಗುಂಪಿಗೂ ಅಂಥ ವ್ಯತ್ಯಾಸ ಇರಲಿಲ್ಲ. ಜಪಾನಿನ ಗಣಿತದ ತರಗತಿಗಳಲ್ಲಿ ಹೀಗೆ ದಾರಿಗಳನ್ನು ಹೋಲಿಸುವುದು ದಿನನಿತ್ಯದ ರೂಢಿ. ಸ್ಟಿಗ್ಲರ್ ಮತ್ತು ಹೀಬರ್ಟ್ 1999ರ ತಮ್ಮ ‘ದಿ ಟೀಚಿಂಗ್ ಗ್ಯಾಪ್’ ಪುಸ್ತಕದಲ್ಲಿ ತೋರಿಸಿರುವಂತೆ ಅಲ್ಲಿನ ಶಿಕ್ಷಕರು ಒಂದೇ ಸಮಸ್ಯೆ ಕೊಡುತ್ತಾರೆ, ಸಾಲುಗಳ ನಡುವೆ ಓಡಾಡುತ್ತ ಯಾವ ಮಗು ಯಾವ ದಾರಿ ಹಿಡಿದಿದೆ ಎಂದು ಗಮನಿಸುತ್ತಾರೆ, ಆಮೇಲೆ ಆಯ್ದ ಉತ್ತರಗಳನ್ನು ಬೋರ್ಡಿಗೆ ತರುತ್ತಾರೆ. ಕಾಲೇಜು ಮಟ್ಟದ ವಿಜ್ಞಾನ, ಗಣಿತ ತರಗತಿಗಳ ಬಗ್ಗೆ ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು 2014ರಲ್ಲಿ 225 ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದಾಗ, ಬರೀ ಉಪನ್ಯಾಸ ಕೇಳಿದವರಲ್ಲಿ ನಪಾಸಾಗುವ ಸಂಭವ ಚಟುವಟಿಕೆಯಿಂದ ಕಲಿತವರಿಗಿಂತ ಒಂದೂವರೆ ಪಟ್ಟು ಕಂಡಿತು.

ಎದುರು ಪಕ್ಷದ ಸಾಕ್ಷ್ಯವೂ ಬಲವಾಗಿಯೇ ಇದೆ, ಅದನ್ನು ಮುಚ್ಚಿಡಬಾರದು. ಶಾಲೆಗಳ ಕಂಪ್ಯೂಟರಿಗೆ ಹೆಚ್ಚು ಹಣ ಸುರಿದ ದೇಶಗಳಲ್ಲಿ ಓದು, ಗಣಿತ, ವಿಜ್ಞಾನದ ಮಟ್ಟ ಹೇಳಿಕೊಳ್ಳುವಷ್ಟೇನೂ ಏರಲಿಲ್ಲ ಎಂದು ಒಇಸಿಡಿಯ 2015ರ ವರದಿ ಹೇಳಿತು. ಪೆರು ದೇಶದ ಹಳ್ಳಿ ಶಾಲೆಗಳಲ್ಲಿ ಮಕ್ಕಳಿಗೆ ಲ್ಯಾಪ್‌ಟಾಪ್ ಹಂಚಿ, 319 ಶಾಲೆಗಳನ್ನು ಪರೀಕ್ಷಿಸಿದಾಗ ಗಣಿತದಲ್ಲೂ ಭಾಷೆಯಲ್ಲೂ ಲಾಭ ಕಾಣಲಿಲ್ಲ. ಯುನೆಸ್ಕೊದ 2023ರ ಜಾಗತಿಕ ವರದಿ ಕೂಡ ತಂತ್ರಜ್ಞಾನದ ಪರವಾದ ಗಟ್ಟಿ ಪುರಾವೆ ಕಡಿಮೆ ಎಂದೇ ಎಚ್ಚರಿಸುತ್ತದೆ. ಆದರೆ ನಮ್ಮದೇ ದೇಶದ ಎರಡು ಪ್ರಯೋಗಗಳು ಬೇರೆ ಫಲ ಕೊಟ್ಟಿವೆ. ವಡೋದರಾದಲ್ಲಿ ನಾಲ್ಕನೆಯ ತರಗತಿಯ ಮಕ್ಕಳು ಇಬ್ಬರಿಗೊಂದರಂತೆ ಕಂಪ್ಯೂಟರ್ ಮುಂದೆ ಕೂತು ವಾರಕ್ಕೆ ಎರಡು ಗಂಟೆ ಗಣಿತದ ಆಟ ಆಡಿದಾಗ ಅಂಕಗಳು ಚೆನ್ನಾಗಿ ಏರಿದವು, ಕಾರ್ಯಕ್ರಮ ಮುಗಿದು ವರ್ಷ ಕಳೆಯುವಷ್ಟರಲ್ಲಿ ಆ ಲಾಭದ ಬಹುಪಾಲು ಕರಗಿತು. ದೆಹಲಿಯಲ್ಲಿ ಮೈಂಡ್‌ಸ್ಪಾರ್ಕ್ ತಂತ್ರಾಂಶ ಬಳಸಿದ ಮಕ್ಕಳು ನಾಲ್ಕೂವರೆ ತಿಂಗಳಲ್ಲೇ ಗಣಿತದಲ್ಲೂ ಹಿಂದಿಯಲ್ಲೂ ಮುಂದೆ ಬಂದರು; ಆ ಅಧ್ಯಯನ ಪ್ರಕಟವಾದದ್ದು 2019ರಲ್ಲಿ. ಪೆರುವಿಗೂ ಇವಕ್ಕೂ ಇರುವ ಅಂತರ ಯಂತ್ರದ ಬೆಲೆಯಲ್ಲಿಲ್ಲ. ವಡೋದರಾ, ದೆಹಲಿಗಳಲ್ಲಿ ಯಂತ್ರ ಮೊದಲು ಮಗುವಿನ ಉತ್ತರ ಕೇಳುತ್ತಿತ್ತು, ಅದಕ್ಕೆ ತಕ್ಕಂತೆ ಮುಂದಿನ ಪ್ರಶ್ನೆ ಕೊಡುತ್ತಿತ್ತು. ಮಗುವಿನ ಕೆಲಸದಿಂದ ಹೊರಟ ತಂತ್ರಜ್ಞಾನ ಫಲ ಕೊಟ್ಟಿದೆ, ಮಗುವಿನ ಮುಂದೆ ಸುಮ್ಮನೆ ಇಟ್ಟ ತಂತ್ರಜ್ಞಾನ ಕೊಟ್ಟಿಲ್ಲ ಎಂದು ನಾನು ಈ ಸಾಕ್ಷ್ಯವನ್ನು ಓದುತ್ತೇನೆ. ಅಂಥ ದುಬಾರಿ ತಂತ್ರಾಂಶ ಮಾಡುವ ಕೆಲಸದ ಒಂದು ಮುಖ್ಯ ಪಾಲನ್ನು, ಅಂದರೆ ಮಗುವಿನ ಯೋಚನೆಯನ್ನು ಗಮನಿಸಿ ಅಲ್ಲಿಂದ ಪಾಠ ಮುಂದುವರಿಸುವುದನ್ನು, ಒಬ್ಬ ಶಿಕ್ಷಕಿ ಒಂದು ಫೋನು, ಒಂದು ಟಿವಿ ಇಟ್ಟುಕೊಂಡು ಮಾಡಬಲ್ಲಳು.

ಸಲಕರಣೆಯ ಮಾತು ಹೆಚ್ಚು ಉದ್ದ ಬೇಕಿಲ್ಲ. ಆಂಡ್ರಾಯ್ಡ್ ಫೋನುಗಳಲ್ಲಿ ಅನೇಕವು ಮಿರಾಕಾಸ್ಟ್ ವಿಧಾನದಲ್ಲಿ ಟಿವಿಯ ಜೊತೆ ನೇರವಾಗಿ ಮಾತಾಡಬಲ್ಲವು. ನಡುವೆ ಇಂಟರ್ನೆಟ್ ಬೇಡ, ರೂಟರ್ ಕೂಡ ಬೇಡ. ಟಿವಿ ಹಳೆಯದಾಗಿದ್ದರೆ ಫೋನನ್ನು ಕೇಬಲ್ಲಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ಅಲ್ಲಿಂದ ಎಚ್‌ಡಿಎಂಐ ವೈರ್ ಎಳೆದರಾಯಿತು. ಫೋನಿನ ಪರದೆಯನ್ನು ಲ್ಯಾಪ್‌ಟಾಪಿನಲ್ಲಿ ಕಾಣಿಸುವ ಉಚಿತ ತಂತ್ರಾಂಶಗಳಿವೆ. ಕಂಪ್ಯೂಟರ್ ಲ್ಯಾಬ್ ಇರುವ ಪ್ರೌಢಶಾಲೆಗಳಲ್ಲಿ ವೇಯಾನ್ ಎಂಬ ಮುಕ್ತ ತಂತ್ರಾಂಶ ಹಾಕಿಕೊಂಡರೆ ಲ್ಯಾಬಿನೊಳಗಿನ ಜಾಲದಲ್ಲೇ ಯಾವುದೇ ವಿದ್ಯಾರ್ಥಿಯ ಪರದೆಯನ್ನು ಎಲ್ಲರಿಗೂ ತೋರಿಸಬಹುದು. ಪ್ರೊಜೆಕ್ಟರಿಗಿಂತ ಟಿವಿ ವಾಸಿ ಎಂಬುದು ನನ್ನ ಅಭಿಪ್ರಾಯ: ಕೊಠಡಿಯನ್ನು ಕತ್ತಲು ಮಾಡಬೇಕಾಗಿಲ್ಲ, ಬಲ್ಬ್ ಸುಡುವ ಚಿಂತೆಯಿಲ್ಲ, ಕರೆಂಟು ಹೋದರೂ ಸಣ್ಣ ಯುಪಿಎಸ್ ಮೇಲೆ ಸ್ವಲ್ಪ ಹೊತ್ತು ನಡೆಯುತ್ತದೆ. ಮಕ್ಕಳಿಂದ ಫೋನ್ ತರಿಸುವ ಯೋಚನೆ ಮಾತ್ರ ಬೇಡವೇ ಬೇಡ. 14ರಿಂದ 18 ವರ್ಷದವರ ಬಗ್ಗೆ 2023ರ ಅಸರ್ ಶೈಕ್ಷಣಿಕ ಸಮೀಕ್ಷೆ ದೇಶದ 26 ರಾಜ್ಯಗಳಲ್ಲಿ ಕಂಡದ್ದನ್ನು ನೆನೆಯಬೇಕು: ಸ್ಮಾರ್ಟ್‌ಫೋನ್ ಬಳಸಲು ಬಲ್ಲವರಲ್ಲಿ ಸ್ವಂತ ಫೋನ್ ಇದ್ದ ಹುಡುಗರು 43.7%, ಹುಡುಗಿಯರು 19.8%. ಮಕ್ಕಳ ಫೋನಿನ ಮೇಲೆ ಕಟ್ಟಿದ ಪಾಠ ಮೊದಲು ಹೊರಗಿಡುವುದು ಹೆಣ್ಣುಮಕ್ಕಳನ್ನು.

ನಾಲ್ಕೂ ತಾಲ್ಲೂಕುಗಳಿಗೆ ಒಂದೇ ಅಚ್ಚಿನ ಪಾಠ ಹೊಂದುವುದಿಲ್ಲ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ನ್ಯಾಮತಿ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದದ್ದು ಈಚೆಗೆ. ಸೂಳೆಕೆರೆ ಮತ್ತು ಅಡಿಕೆಯ ಚನ್ನಗಿರಿ, ತುಂಗಭದ್ರೆಯ ದಂಡೆಯ ಹೊನ್ನಾಳಿ, ಮಳೆಯನ್ನೇ ನಂಬಿ ಭದ್ರಾ ಮೇಲ್ದಂಡೆ ಯೋಜನೆಯ ನೀರಿಗೆ ವರ್ಷಗಟ್ಟಲೆ ಕಾದಿರುವ ಜಗಳೂರು, ಇವುಗಳ ಮಕ್ಕಳ ತಲೆಯಲ್ಲಿರುವ ಲೋಕ ಬೇರೆ ಬೇರೆ. ಮಕ್ಕಳ ಕೆಲಸವೇ ಪರದೆಗೆ ಬಂದರೆ ಆ ಲೋಕ ತಾನಾಗಿ ತರಗತಿಗೆ ಬರುತ್ತದೆ, ಯಾರೂ ಪ್ರತ್ಯೇಕ ಪಠ್ಯ ಬರೆಯಬೇಕಾಗಿಲ್ಲ. ಜಗಳೂರಿನ ಎಂಟನೆಯ ತರಗತಿಯಲ್ಲಿ ತಿಂಗಳವಾರು ಮಳೆಯ ಸ್ತಂಭನಕ್ಷೆ ಬರೆಸಿದರೆ ಒಬ್ಬಳು ಒಂದು ಸೆಂಟಿಮೀಟರಿಗೆ 10 ಮಿಲಿಮೀಟರ್ ಮಳೆಯ ಪ್ರಮಾಣ ಹಿಡಿಯುತ್ತಾಳೆ, ಇನ್ನೊಬ್ಬ 50 ಹಿಡಿಯುತ್ತಾನೆ. ಅಂಕಿ ಅವೇ, ಒಂದು ನಕ್ಷೆಯಲ್ಲಿ ಸೆಪ್ಟೆಂಬರ್ ಗುಡ್ಡದಂತೆ ಏಳುತ್ತದೆ, ಇನ್ನೊಂದರಲ್ಲಿ ವರ್ಷವಿಡೀ ಮಟ್ಟಸ ಬಯಲು. ನಕ್ಷೆ ಹೇಗೆ ಕಣ್ಣನ್ನು ಮೋಸಗೊಳಿಸಬಲ್ಲದು ಎಂಬ ಈ ಪಾಠ ಮುಂದೆ ಪತ್ರಿಕೆ ಓದುವಾಗಲೂ ಉಳಿಯುತ್ತದೆ. ಲಂಬಾಣಿಗರ ಸಂತ ಸೇವಾಲಾಲರ ಜನ್ಮಸ್ಥಳ ಸೂರಗೊಂಡನಕೊಪ್ಪ ಇರುವ ನ್ಯಾಮತಿ ತಾಲ್ಲೂಕಿನಲ್ಲಿ ಮನೆಯಲ್ಲಿ ಲಂಬಾಣಿ ಮಾತಾಡುವ ಮಕ್ಕಳಿದ್ದಾರೆ. ಅವರಿಗೆ ಕನ್ನಡ ಬರಹ ಎರಡನೆಯ ಮೆಟ್ಟಿಲು. ಅಲ್ಲಿ ಪೂರ್ತಿ ವಾಕ್ಯಕ್ಕಿಂತ ಮೊದಲು ಚಿತ್ರ, ಪಟ್ಟಿ, ಬಾಣದ ಗುರುತುಗಳು ಪರದೆಗೆ ಬರಲಿ. ಮಗು ತನ್ನದೇ ಮಾತಿನಲ್ಲಿ ವಿವರಿಸಲಿ, ಗೆಳೆಯರು ಕನ್ನಡಕ್ಕೆ ತರಲಿ.

ಈಗ ಆಕ್ಷೇಪಗಳು. ಮೊದಲನೆಯದು, ಮಗುವನ್ನು ಬೋರ್ಡಿಗೆ ಕರೆದರೆ ಸಾಲದೇ, ಇಷ್ಟೆಲ್ಲ ಯಾಕೆ ಎಂಬುದು. ಹತ್ತು ಹದಿನೈದು ಮಕ್ಕಳ ಶಾಲೆಯಲ್ಲಿ ಖಂಡಿತ ಸಾಕು. ಅಲ್ಲಿ ಒಂದು ನೋಟ್‌ಬುಕ್ಕಿನ ಸುತ್ತ ಎಲ್ಲರೂ ಕೂರಬಹುದು, ಟಿವಿಗೆ ಖರ್ಚು ಮಾಡುವುದೇ ದಂಡ. ನಲಿ ಕಲಿ ತರಗತಿಗಳಿಗೂ ಇದು ಬೇಕಿಲ್ಲ. ಆದರೆ ನಲವತ್ತು ಐವತ್ತು ಮಕ್ಕಳಿರುವ ತರಗತಿಯಲ್ಲಿ ಬೋರ್ಡಿಗೆ ಬರುವುದು ಸಾಮಾನ್ಯವಾಗಿ ಕೈ ಎತ್ತುವ ಅವೇ ನಾಲ್ಕು ಮಕ್ಕಳು. ಬೋರ್ಡಿನಲ್ಲಿ ಮತ್ತೆ ಬರೆಯುವಾಗ ಮಗು ತನ್ನ ಎಡವಟ್ಟನ್ನು ತಿದ್ದಿಕೊಂಡುಬಿಡುತ್ತದೆ. ನೋಟ್‌ಬುಕ್ಕಿನ ಫೋಟೊದಲ್ಲಿ ಹೊಡೆದುಹಾಕಿದ ಗೆರೆಯೂ ಉಳಿದಿರುತ್ತದೆ, ಯೋಚನೆ ಎಲ್ಲಿ ತಿರುಗಿತೆಂದು ಹೇಳುವುದು ಆ ಗೆರೆಯೇ. ಎರಡನೆಯ ಆಕ್ಷೇಪಕ್ಕೆ ನಾನು ಹೆಚ್ಚು ತೂಕ ಕೊಡುತ್ತೇನೆ: ತಪ್ಪು ಮಾಡಿದ ಮಗುವಿನ ಪುಟವನ್ನು ಎಲ್ಲರ ಮುಂದೆ ದೊಡ್ಡದು ಮಾಡಿ ತೋರಿಸಿದರೆ ಅದಕ್ಕೆ ಅವಮಾನವಾಗುವುದಿಲ್ಲವೇ? ಆಗಬಹುದು. ಮನೆಯಲ್ಲಿ ಓದು ಬಲ್ಲವರಿಲ್ಲದ ಮಗುವಿಗೆ, ಜಾತಿಯ ಕಾರಣಕ್ಕೆ ಆಗಲೇ ಒಂದು ಮೂಲೆಗೆ ಸರಿದಿರುವ ಮಗುವಿಗೆ, ಆ ಗಾಯ ಶಾಲೆ ಬಿಡಿಸುವಷ್ಟು ಆಳವಾಗಲೂಬಹುದು. ಆದ್ದರಿಂದ ಕೆಲವು ಕಟ್ಟುಪಾಡುಗಳಿಲ್ಲದೆ ಈ ಪದ್ಧತಿಗೆ ಕೈಹಾಕಬಾರದು. ಮಗುವನ್ನು ಕೇಳಿಯೇ ಪುಟ ತೆಗೆದುಕೊಳ್ಳಬೇಕು, ಹೆಸರಿನ ಮೇಲೆ ಕೈಯಿಟ್ಟು ಫೋಟೊ ಹಿಡಿಯಬೇಕು, ಮುಖ ಬರಕೂಡದು, ಪಾಠ ಮುಗಿದ ಮೇಲೆ ಅಳಿಸಬೇಕು, ಯಾವ ವಾಟ್ಸಾಪ್ ಗುಂಪಿಗೂ ಹೋಗಕೂಡದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ವೈಯಕ್ತಿಕ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಡುತ್ತದೆ ಎಂಬುದು ಶಾಲೆಗಳಿಗೆ ತಿಳಿದಿರಬೇಕು. ಇನ್ನು ಮೇಷ್ಟ್ರ ಮೊದಲ ಪ್ರಶ್ನೆ ‘ಇಲ್ಲಿ ತಪ್ಪೇನು?’ ಎಂದಾಗದೆ ‘ಇದನ್ನು ಬರೆದವರು ಹೇಗೆ ಯೋಚಿಸಿರಬಹುದು?’ ಎಂದಾಗಬೇಕು. ಈ ಶಿಸ್ತು ಇಲ್ಲದ ತರಗತಿಗೆ ಪರದೆ ಹೋಗದಿರುವುದೇ ಮೇಲು.

ಪಾಠ ಮುಗಿಸುವ ಒತ್ತಡದಲ್ಲಿ ಇಷ್ಟು ಚರ್ಚೆಗೆ ಹೊತ್ತೆಲ್ಲಿ, ಎಸ್ಸೆಸ್ಸೆಲ್ಸಿ ಫಲಿತಾಂಶ ಕೇಳುವವರಿಗೆ ಏನು ಹೇಳೋಣ ಎಂದು ಶಿಕ್ಷಕರು ಕೇಳುತ್ತಾರೆ. ಈ ಪ್ರಶ್ನೆ ನ್ಯಾಯವಾದದ್ದೇ. ಆದರೆ 2024ರಲ್ಲಿ ನಡೆದದ್ದನ್ನು ನೋಡಬೇಕು. ಆ ವರ್ಷ ನಕಲು ತಡೆಯಲು ಪರೀಕ್ಷಾ ಕೊಠಡಿಗಳಿಗೆ ಸಿಸಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಲಾಯಿತು, 2023ರಲ್ಲಿ 83.89% ಇದ್ದ ರಾಜ್ಯದ ಫಲಿತಾಂಶ, ಕೃಪಾಂಕ ಹೆಚ್ಚಿಸಿಕೊಟ್ಟ ಮೇಲೂ 73.40%ಕ್ಕೆ ಇಳಿಯಿತು. ಪಾಠ ‘ಮುಗಿದಿದೆ’ ಎಂದು ನಾವು ಬರೆದುಕೊಂಡದ್ದರಲ್ಲಿ ಮಕ್ಕಳಿಗೆ ಮುಟ್ಟಿದ್ದು ಎಷ್ಟು ಎಂಬುದಕ್ಕೆ ಆ ಇಳಿಕೆ ಉತ್ತರ ಕೊಟ್ಟಿದೆ. ಪರೀಕ್ಷೆಯ ದಿನ ಮಕ್ಕಳನ್ನು ಪರದೆಯಲ್ಲಿ ಕಾಯುವುದಕ್ಕೆ ನಮ್ಮಲ್ಲಿ ವ್ಯವಸ್ಥೆ ಆಗುತ್ತದಾದರೆ, ವರ್ಷವಿಡೀ ಅವರ ಯೋಚನೆಯನ್ನು ಪರದೆಯಲ್ಲಿ ನೋಡುವುದಕ್ಕೂ ಆಗಬೇಕು. ಹೊತ್ತಿನ ಲೆಕ್ಕವೂ ಹೆದರಿಸುವಂಥದ್ದಲ್ಲ: ನಲವತ್ತು ನಿಮಿಷದ ಪಿರಿಯಡ್ಡಿನಲ್ಲಿ ಹತ್ತು ನಿಮಿಷ ಮಕ್ಕಳು ಕೆಲಸ ಮಾಡುವಾಗ ಮೇಷ್ಟ್ರು ಸುತ್ತಾಡಿ ಎರಡು ಮೂರು ಪುಟ ಆರಿಸಿಕೊಂಡರೆ, ಹದಿನೈದು ನಿಮಿಷದ ಚರ್ಚೆ ಸಾಕು. ದಿನವೂ ಬೇಡ, ವಾರಕ್ಕೆರಡು ಸಲ ಸಾಕು. ಕರೆಂಟಿನ ಬಿಲ್ಲಿನ ನೆಪವೂ ಈಗ ಉಳಿದಿಲ್ಲ. ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಕೊಡುವುದಾಗಿ 2023ರ ರಾಜ್ಯೋತ್ಸವದ ದಿನ ಮುಖ್ಯಮಂತ್ರಿ ಘೋಷಿಸಿದ್ದಾರೆ. ಶಿಕ್ಷಕರ ಸ್ವಂತ ಫೋನಿನ ಪ್ರಶ್ನೆ ಮಾತ್ರ ನಿಜವಾದದ್ದು. ಪಾಠದ ನಡುವೆ ಮನೆಯ ಸಂದೇಶವೋ ಬ್ಯಾಂಕಿನ ಒಟಿಪಿಯೋ ಟಿವಿಯ ಮೇಲೆ ಬಂದರೆ ಅದು ಅವರ ಖಾಸಗಿತನಕ್ಕೆ ಧಕ್ಕೆ. ಸಿಮ್ ಇಲ್ಲದ ಹಳೆಯ ಫೋನೊಂದನ್ನು ಶಾಲೆಯ ಲೆಕ್ಕಕ್ಕೆ ಸೇರಿಸಿದರೆ ಈ ತೊಂದರೆ ತೀರುತ್ತದೆ.

ಉಳಿದಿರುವುದು ತರಬೇತಿ, ಇಡೀ ವಿಚಾರ ನಿಂತಿರುವುದೇ ಅದರ ಮೇಲೆ. ಫೋನನ್ನು ಟಿವಿಗೆ ಜೋಡಿಸುವುದನ್ನು ಅರ್ಧ ಗಂಟೆಯಲ್ಲಿ ಕಲಿಯಬಹುದು. ಮೂವತ್ತು ಪುಟಗಳಲ್ಲಿ ಯಾವ ಎರಡನ್ನು ಆರಿಸಬೇಕು, ಯಾವುದನ್ನು ಮೊದಲು ತೋರಿಸಬೇಕು, ಮಕ್ಕಳ ಮಾತಿನ ನಡುವೆ ಯಾವಾಗ ಬಾಯಿ ಹಾಕದೆ ಇರಬೇಕು ಎಂಬುದು ವರ್ಷಗಳ ಸಾಧನೆ, ಅದನ್ನು ಶಿಕ್ಷಕರು ಒಬ್ಬರಿಂದೊಬ್ಬರು ಕಲಿಯಬೇಕು. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗಳು ಇದಕ್ಕೆ ಹೇಳಿ ಮಾಡಿಸಿದ ಜಾಗ. ಸುತ್ತೋಲೆ ಓದುವ ಹೊತ್ತಿನಲ್ಲಿ ಅರ್ಧ ಗಂಟೆ ಉಳಿಸಿ, ಒಬ್ಬೊಬ್ಬ ಶಿಕ್ಷಕರು ತಮ್ಮ ತರಗತಿಯ ಎರಡು ಉತ್ತರಗಳನ್ನು ತಂದು ಪರದೆಗೆ ಹಾಕಿ ಚರ್ಚಿಸಲಿ ಎಂದು ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳನ್ನು (ಸಿಆರ್‌ಪಿ), ನಾಲ್ಕೂ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳನ್ನು (ಬಿಇಒ) ಕೇಳಿಕೊಳ್ಳುತ್ತೇನೆ. ದಾನಿಗಳೋ ಹಳೆಯ ವಿದ್ಯಾರ್ಥಿಗಳೋ ಶಾಲೆಗೆ ಟಿವಿ ಕೊಡಲು ಬಂದಾಗ ಶಾಲಾಭಿವೃದ್ಧಿ ಸಮಿತಿಯವರು (ಎಸ್‌ಡಿಎಂಸಿ) ಅದರ ಜೊತೆಗೆ ಒಂದು ಕೇಬಲ್, ಒಂದು ಸ್ಟ್ಯಾಂಡ್, ಸಿಮ್ ಇಲ್ಲದ ಒಂದು ಫೋನ್ ಕೇಳಲಿ. ಶಾಲಾ ಭೇಟಿಗೆ ಬರುವ ಅಧಿಕಾರಿಗಳು ಸ್ಮಾರ್ಟ್ ಕ್ಲಾಸ್ ನಡೆಯುತ್ತಿದೆಯೇ ಎಂದು ಕೇಳುವ ಜೊತೆಗೆ, ಈ ವಾರ ಆ ಪರದೆಯ ಮೇಲೆ ಎಷ್ಟು ಮಕ್ಕಳ ಕೆಲಸ ಬಂತು, ಅವರಲ್ಲಿ ಕೈ ಎತ್ತದ ಮಕ್ಕಳು ಎಷ್ಟು ಎಂದೂ ಕೇಳಲಿ.